ತೂಕ ಇಳಿಸುವ ಆಪರೇಷನ್ ಮಾಡಿಸಲೇ, ಇನ್ನೊಮ್ಮೆ ಪಥ್ಯ ಹಿಡಿಯಲೇ?

ಪ್ರಶ್ನೆ: ನನಗೆ 38 ವರ್ಷ. ಎತ್ತರ 156 ಸೆಂ.ಮೀ., ತೂಕ 96 ಕೆ.ಜಿ. ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ತೆಗೆದುಕೊಂಡರೂ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) 8.2 ಇದೆ. ಮಂಡಿ ನೋವು, ರಾತ್ರಿ ಎದೆಯುರಿ. ಮುಟ್ಟಿನ ಸ್ರಾವ ಹೆಚ್ಚು, ಹಿಮೋಗ್ಲೋಬಿನ್ 10.2. ಎರಡು ಸಲ ಡಯಟ್ ಮಾಡಿ ಹನ್ನೊಂದು ಕೆ.ಜಿ.ವರೆಗೆ ಇಳಿಸಿದ್ದೆ, ಎರಡೂ ಸಲ ಒಂದೂವರೆ ವರ್ಷದೊಳಗೆ ಇಳಿದದ್ದಕ್ಕಿಂತ ಹೆಚ್ಚೇ ಏರಿತು. ಸಸ್ಯಾಹಾರಿ, ಮೊಟ್ಟೆ ಮಾತ್ರ ತಿನ್ನುತ್ತೇನೆ. ಡಾಕ್ಟರು ಜಠರವನ್ನು ಕಿರಿದು ಮಾಡುವ ಸ್ಲೀವ್ ಆಪರೇಷನ್ ಬಗ್ಗೆ ಯೋಚಿಸಿ ಎಂದಿದ್ದಾರೆ. ಮನೆಯಲ್ಲಿ, "ಬಾಯಿ ಕಟ್ಟಿದರೆ ಸಾಕು, ಚೆನ್ನಾಗಿರೋ ಹೊಟ್ಟೆ ಯಾಕೆ ಕೊಯ್ಯಿಸಿಕೊಳ್ತೀಯಾ" ಅಂತಾರೆ. ಏನು ಮಾಡಲಿ?

ಉತ್ತರ: ಮನೆಯವರ ಮಾತಿನಿಂದಲೇ ಶುರುಮಾಡೋಣ. ನೀವು ಬಾಯಿ ಕಟ್ಟಿದ್ದೀರಿ, ಅದೂ ಎರಡು ಸಲ. ಹನ್ನೊಂದು ಕೆ.ಜಿ. ಎಂದರೆ ನಿಮ್ಮ ತೂಕದ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು. ಅಮೆರಿಕದಲ್ಲಿ 2001ರಲ್ಲಿ ಆರಂಭವಾದ ಲುಕ್ ಅಹೆಡ್ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ ಐದು ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. ಅವರಲ್ಲಿ ಅರ್ಧದಷ್ಟು ಜನರಿಗೆ ಆಹಾರತಜ್ಞರು, ವ್ಯಾಯಾಮ, ಮೊದಮೊದಲು ಪ್ರತಿ ವಾರ ಭೇಟಿ, ಹೀಗೆ ನಮ್ಮಲ್ಲಿ ಯಾರಿಗೂ ಸಿಗದಷ್ಟು ಬೆಂಬಲ ಕೊಟ್ಟರು. ಒಂದು ವರ್ಷಕ್ಕೆ ಅವರು ಸರಾಸರಿ ಶೇ 8.6ರಷ್ಟು ತೂಕ ಇಳಿಸಿದರು. ಎಂಟನೇ ವರ್ಷಕ್ಕೆ ಆ ಇಳಿಕೆ ಮೂಲ ತೂಕದ ಶೇ 4.7ಕ್ಕೆ ಬಂದಿತ್ತು. ಇಳಿಸುವುದರಲ್ಲಿ ನೀವು ಅವರಿಗಿಂತ ಮುಂದಿದ್ದಿರಿ. ಉಳಿಸಿಕೊಳ್ಳುವ ಹಂತದಲ್ಲಿ ಅವರಿಗೂ ನಿಮಗೂ ಆದದ್ದು ಒಂದೇ. ದಯವಿಟ್ಟು ಇದನ್ನು ಮನಸ್ಸಿನ ದೌರ್ಬಲ್ಯ ಎಂದುಕೊಳ್ಳಬೇಡಿ, ಯಾರಾದರೂ ಹಾಗೆ ಹೇಳಿದರೆ ಒಪ್ಪಲೂ ಬೇಡಿ.

ತೂಕ ಇಳಿದಾಗ ದೇಹಕ್ಕೆ ಅದು ಬರಗಾಲ. ಕೊಬ್ಬಿನಿಂದ ಬರುವ ಲೆಪ್ಟಿನ್ ಹಾರ್ಮೋನು ಕುಸಿಯುತ್ತದೆ, ಜಠರದ ಮೇಲ್ಭಾಗದಿಂದ ಬರುವ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಏರುತ್ತದೆ, ಸುಮ್ಮನೆ ಕೂತಾಗ ಉರಿಯುವ ಕ್ಯಾಲೊರಿಯೂ ಕಡಿಮೆಯಾಗುತ್ತದೆ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಹತ್ತು ವಾರದ ಕಠಿಣ ಪಥ್ಯ ಮುಗಿದು ಒಂದು ವರ್ಷ ಕಳೆದರೂ ಈ ಹಾರ್ಮೋನುಗಳು ಹಳೆಯ ಮಟ್ಟಕ್ಕೆ ಮರಳಿರಲಿಲ್ಲ. ಟಿ.ವಿ.ಯ ತೂಕ ಇಳಿಸುವ ಸ್ಪರ್ಧೆಯೊಂದರಲ್ಲಿದ್ದ 14 ಮಂದಿಯನ್ನು ಆರು ವರ್ಷದ ಮೇಲೆ ಪರೀಕ್ಷಿಸಿದಾಗ, ವಿಶ್ರಾಂತಿಯಲ್ಲಿ ಅವರ ದೇಹ ಇರಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಉರಿಸುತ್ತಿತ್ತು. ಅಂದರೆ ಪಕ್ಕದ ಮನೆಯವರಷ್ಟೇ ಉಂಡರೂ ನಿಮಗೆ ಏರುತ್ತದೆ. ಇದು ನಿಜ, ನೆಪವಲ್ಲ.

ಆದ್ದರಿಂದ ಪ್ರಶ್ನೆಯನ್ನು ಆಪರೇಷನ್ನೋ ಪಥ್ಯವೋ ಎಂದು ಇಟ್ಟರೆ ಉತ್ತರ ಸಿಗುವುದಿಲ್ಲ. ಪಥ್ಯ ಎರಡರಲ್ಲೂ ಇದೆ. ನಿಮ್ಮ ಕಾಯಿಲೆಗೆ ಎಷ್ಟು ತೂಕ ಇಳಿಯಬೇಕು, ಅಷ್ಟನ್ನು ಇಳಿಸಿ ಹಿಡಿದಿಟ್ಟುಕೊಳ್ಳುವ ಶಕ್ತಿ ಯಾವ ದಾರಿಗೆ ಇದೆ ಎಂದು ಕೇಳಬೇಕು.

ನಿಮ್ಮ ಲೆಕ್ಕ ಹೀಗಿದೆ. 96 ಕೆ.ಜಿ.ಯನ್ನು 1.56ರ ವರ್ಗದಿಂದ ಭಾಗಿಸಿದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 39.4. ನಮ್ಮ ಮೈಕಟ್ಟಿನಲ್ಲಿ ಹೊಟ್ಟೆಯೊಳಗೆ ಕೊಬ್ಬು ಬೇಗ ಸೇರುವುದರಿಂದ ಬಿಎಂಐ 25 ದಾಟಿದರೇ ಬೊಜ್ಜು ಎನ್ನುತ್ತೇವೆ. ಭಾರತದಲ್ಲಿ ಬಹುಕಾಲ ಬಳಕೆಯಲ್ಲಿದ್ದ ಅಳತೆಯಂತೆ 37.5 ದಾಟಿದವರಿಗೆ, ಅಥವಾ 32.5 ದಾಟಿ ಸಕ್ಕರೆ ಕಾಯಿಲೆಯಂಥ ತೊಂದರೆ ಇರುವವರಿಗೆ ಆಪರೇಷನ್ ಸೂಚಿಸಬಹುದು. 2022ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಬೊಜ್ಜು ಶಸ್ತ್ರಚಿಕಿತ್ಸಕರ ಸಂಘಗಳು ಈ ಗೆರೆಯನ್ನು ಇನ್ನೂ ಕೆಳಗಿಳಿಸಿದವು. ಯಾವ ಅಳತೆಯಲ್ಲಿ ನೋಡಿದರೂ ನೀವು ಅದರೊಳಗೆ ಬರುತ್ತೀರಿ. ಹಾಗೆಂದು ಮಾಡಿಸಲೇಬೇಕು ಅಂತಲ್ಲ. ಕೇಳಲು ಅರ್ಹರು ಎಂದಷ್ಟೇ.

ಎಷ್ಟು ಇಳಿಯಬೇಕು? ಮಂಡಿ ನೋವಿಗೆ ಐದಾರು ಕೆ.ಜಿ. ಇಳಿದರೂ ವ್ಯತ್ಯಾಸ ತಿಳಿಯುತ್ತದೆ. ಸಕ್ಕರೆ ಕಾಯಿಲೆ ಹಿಮ್ಮೆಟ್ಟಬೇಕಾದರೆ ಅಷ್ಟು ಸಾಲದು. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ, ಕಾಯಿಲೆ ಬಂದು ಆರು ವರ್ಷ ದಾಟದ, ಇನ್ಸುಲಿನ್ ಶುರುವಾಗದ ರೋಗಿಗಳಿಗೆ ಮೂರರಿಂದ ಐದು ತಿಂಗಳು ದಿನಕ್ಕೆ 825ರಿಂದ 853 ಕ್ಯಾಲೊರಿಯ ದ್ರವಾಹಾರ ಮಾತ್ರ ಕೊಟ್ಟರು. ಒಂದು ವರ್ಷದ ಹೊತ್ತಿಗೆ ಶೇ 46ರಷ್ಟು ಮಂದಿಯ ಸಕ್ಕರೆ ಮಾತ್ರೆಯಿಲ್ಲದೆ ಹತೋಟಿಗೆ ಬಂದಿತ್ತು. ಹದಿನೈದು ಕೆ.ಜಿ. ಅಥವಾ ಹೆಚ್ಚು ಇಳಿಸಿದವರಲ್ಲಂತೂ ಅದು ಶೇ 86. ಎರಡನೇ ವರ್ಷಕ್ಕೆ ಒಟ್ಟು ಪ್ರಮಾಣ ಶೇ 36ಕ್ಕೆ ಬಂತು, ಏಕೆಂದರೆ ತೂಕ ಮರಳಿತು. ಆಪರೇಷನ್ ಇಲ್ಲದೆಯೂ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ನಿಮ್ಮ ಗುರಿಯೂ ಇದರಲ್ಲೇ ಇದೆ: ಕನಿಷ್ಠ ಹದಿನೈದು ಕೆ.ಜಿ. ಇಳಿಯಬೇಕು, ಇಳಿದದ್ದು ಹಾಗೇ ನಿಲ್ಲಬೇಕು.

ಊಟ ಮತ್ತು ನಡಿಗೆಯ ದಾರಿ

ಇದನ್ನು ಗಂಭೀರವಾಗಿ ಮಾಡುವುದಾದರೆ ಹೇಗೆ ಎಂದು ಹೇಳುತ್ತೇನೆ. ಆಪರೇಷನ್ ಮಾಡಿಸಿದರೂ ಇದು ಬೇಕಾಗುತ್ತದೆ.

ಮೊದಲು ಎಣ್ಣೆ. ನಾಲ್ಕು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಕ್ಯಾನ್ ಒಂದು ಖಾಲಿಯಾಗುತ್ತಿದ್ದರೆ, ತಲೆಗೆ ದಿನಕ್ಕೆ ಸುಮಾರು 340 ಕ್ಯಾಲೊರಿ ಬರೀ ಎಣ್ಣೆಯಿಂದ ಬರುತ್ತಿದೆ. ಎರಡು ಲೀಟರಿಗೆ ಇಳಿಸಿದರೆ 200 ಕ್ಯಾಲೊರಿ ಉಳಿಯುತ್ತದೆ, ತಟ್ಟೆಯಲ್ಲಿ ಒಂದು ತುತ್ತೂ ಕಡಿಮೆಯಾಗುವುದಿಲ್ಲ. ಕ್ಯಾನಿನಿಂದ ಬಾಣಲೆಗೆ ನೇರ ಸುರಿಯಬೇಡಿ. ಪ್ಯಾಕೆಟ್ ಒಡೆದ ದಿನಾಂಕವನ್ನು ಅದರ ಮೇಲೇ ಬರೆದಿಡಿ, ಟೀ ಚಮಚದಲ್ಲಿ ಅಳೆದು ಹಾಕಿ. ಒಗ್ಗರಣೆಗೆ ಎರಡು ಟೀ ಚಮಚ ಸಾಕು; ಸಾಸಿವೆ ಅದರಲ್ಲೂ ಚಟಗುಟ್ಟುತ್ತದೆ.

ಎರಡನೆಯದು ಪ್ರೋಟೀನು. ನಮ್ಮ ಡಯಟ್‌ಗಳು ಮುರಿದುಬೀಳುವುದು ಹೆಚ್ಚಾಗಿ ಇಲ್ಲೇ. ಅನ್ನ ಬಿಟ್ಟೆ, ಎರಡು ಚಪಾತಿ, ಒಂದಿಷ್ಟು ಸೌತೆಕಾಯಿ ಎಂದು ತಿಂಗಳುಗಟ್ಟಲೆ ಕಳೆದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಮಾಂಸಖಂಡ ಹೋದಷ್ಟೂ ಉರಿಯುವ ಕ್ಯಾಲೊರಿ ಕಡಿಮೆ, ಹಸಿವು ಹೆಚ್ಚು. ನಿಮಗೆ ದಿನಕ್ಕೆ 70 ಗ್ರಾಂ ಪ್ರೋಟೀನು ಬೇಕು. ಒಂದು ದಿನದ ಲೆಕ್ಕ ನೋಡಿ. ಬೆಳಿಗ್ಗೆ ಎರಡು ಇಡ್ಲಿ, ಗಟ್ಟಿ ಬೇಳೆ ಸಾಂಬಾರು, ಎರಡು ಬೇಯಿಸಿದ ಮೊಟ್ಟೆ. ಮಧ್ಯಾಹ್ನ 50 ಗ್ರಾಂ ರಾಗಿ ಹಿಟ್ಟಿನ ಸಣ್ಣ ಮುದ್ದೆ, 40 ಗ್ರಾಂ ಒಣ ಹುರುಳಿ ಅಥವಾ ಹೆಸರುಕಾಳನ್ನು ಮೊಳಕೆ ಬರಿಸಿ ಮಾಡಿದ ಬಸ್ಸಾರು, ದೊಡ್ಡ ಬಟ್ಟಲು ಸೊಪ್ಪಿನ ಪಲ್ಯ, ಮಜ್ಜಿಗೆ. ಸಂಜೆ ಒಂದು ಹಿಡಿ ಹುರಿಗಡಲೆ, ಸಕ್ಕರೆಯಿಲ್ಲದ ಕಾಫಿ. ರಾತ್ರಿ 40 ಗ್ರಾಂ ಸೋಯಾ ಚಂಕ್ಸ್ ಪಲ್ಯ, ಒಂದು ತೆಳು ಜೋಳದ ರೊಟ್ಟಿ, ಸಣ್ಣ ಬಟ್ಟಲು ಮೊಸರು. ದಿನಕ್ಕೆ ಮೂರು ಟೀ ಚಮಚ ಎಣ್ಣೆ ಸೇರಿ ಹತ್ತಿರ 1450 ಕ್ಯಾಲೊರಿ, 70 ಗ್ರಾಂ ಪ್ರೋಟೀನು. ನಿಮ್ಮ ದೇಹ ಈಗ ಖರ್ಚು ಮಾಡುವುದು ಅಂದಾಜು 2100. ಮೊದಲ ತಿಂಗಳುಗಳಲ್ಲಿ ವಾರಕ್ಕೆ ಅರ್ಧ ಕೆ.ಜಿ. ಇಳಿಯಬೇಕು.

ರಾಗಿಯ ಬಗ್ಗೆ ಒಂದು ಮಾತು. ಮುದ್ದೆ ತಿಂದರೆ ಸಕ್ಕರೆ ಏರುವುದಿಲ್ಲ ಎಂಬ ನಂಬಿಕೆಯಲ್ಲಿ ಎರಡು ಮುದ್ದೆ ಉಣ್ಣುವವರು ಬಹಳ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇದೆ, ಅಕ್ಕಿಗಿಂತ ಸ್ವಲ್ಪವೇ ಕಡಿಮೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಹೆಚ್ಚು ನಿಜ, ಆದರೆ ಹಿಟ್ಟು ಹಿಟ್ಟೇ. ಅಳೆದು ಹಾಕಿ.

ನಡಿಗೆಯಿಂದ ತೂಕ ಇಳಿಯುತ್ತದೆಂದು ಹೆಚ್ಚು ನಿರೀಕ್ಷಿಸಬೇಡಿ. ನಿಮ್ಮ ತೂಕದವರು ಅರ್ಧ ಗಂಟೆ ನಡೆದರೆ 140 ಕ್ಯಾಲೊರಿ ಖರ್ಚಾಗಬಹುದು, ಒಂದು ಉದ್ದಿನವಡೆ ಅದನ್ನು ತುಂಬಿಬಿಡುತ್ತದೆ. ನಡಿಗೆ ಬೇಕಾಗಿರುವುದು ಇಳಿದ ತೂಕ ಮರಳದಂತೆ ತಡೆಯಲು. ಮಂಡಿ ನೋವಿರುವುದರಿಂದ ಹತ್ತು ಹತ್ತು ನಿಮಿಷ, ಮೂರು ಊಟದ ನಂತರ, ಸಮತಟ್ಟಾದ ಕಡೆ ನಡೆಯಿರಿ. ಊಟದ ನಂತರದ ಸಕ್ಕರೆಗೂ ಇದೇ ಒಳ್ಳೆಯದು. ಅದಕ್ಕಿಂತ ಮುಖ್ಯವಾದದ್ದು ತೊಡೆಯ ಮಾಂಸಖಂಡಕ್ಕೆ ಕೆಲಸ ಕೊಡುವುದು: ಗಟ್ಟಿ ಕುರ್ಚಿಯಿಂದ ಕೈ ಊರದೆ ಏಳುವುದು, ನಿಧಾನ ಕೂರುವುದು. ಹತ್ತರಂತೆ ಮೂರು ಸುತ್ತು, ವಾರಕ್ಕೆ ಮೂರು ದಿನ. ಕಷ್ಟವಾದರೆ ಕುರ್ಚಿಯ ಮೇಲೆ ದಿಂಬು ಇಟ್ಟು ಎತ್ತರಿಸಿಕೊಳ್ಳಿ.

ಒಂದು ಎಚ್ಚರಿಕೆ: ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಲೇ ಊಟ ತಟ್ಟನೆ ಇಳಿಸಿದರೆ ಸಕ್ಕರೆ 70ರ ಕೆಳಗೆ ಕುಸಿದು ಬೆವರು, ನಡುಕ, ಪ್ರಜ್ಞೆ ತಪ್ಪುವುದು ಆಗಬಹುದು. ಪಥ್ಯ ಶುರುಮಾಡುವ ಮುಂಚೆಯೇ ಡಾಕ್ಟರರನ್ನು ಕಂಡು ಆ ಮಾತ್ರೆ ಕಡಿಮೆ ಮಾಡಿಸಿ. ಹೆಸರು 'ಗ್ಲಿಫ್ಲೋಜಿನ್' ಎಂದು ಕೊನೆಗೊಳ್ಳುವ ಮಾತ್ರೆಗಳನ್ನು, ಅಂದರೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತರಹದವನ್ನು, ಮುಂದೆ ಯಾರಾದರೂ ಬರೆದುಕೊಟ್ಟರೆ ಕಡು ಉಪವಾಸದ ಪಥ್ಯದಲ್ಲೂ ಆಪರೇಷನ್ನಿಗೆ ಮುನ್ನವೂ ನಿಲ್ಲಿಸಲೇಬೇಕು. ಇಲ್ಲದಿದ್ದರೆ ಸಕ್ಕರೆ ಸಾಮಾನ್ಯವಿದ್ದಂತೆ ಕಂಡರೂ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೆ ಅಪಾಯ. 800 ಕ್ಯಾಲೊರಿಯ ಪಥ್ಯವನ್ನು ಮನೆಯಲ್ಲೇ ಲೆಕ್ಕ ಹಾಕಿ ಮಾಡಲು ಹೋಗಬೇಡಿ.

ಈ ದಾರಿ ಯಾರಿಗೆ ಸಾಕು? ಬಿಎಂಐ 30ರ ಆಸುಪಾಸಿನವರಿಗೆ, ಸಕ್ಕರೆ ಇನ್ನೂ ಗಡಿಯಲ್ಲಿರುವವರಿಗೆ ಧಾರಾಳವಾಗಿ ಸಾಕು. ಶೇ 5ರಿಂದ 7ರಷ್ಟು ಇಳಿಸಿದರೇ ಕಾಯಿಲೆ ಬರುವುದನ್ನು ತಡೆಯಬಹುದು. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಇದೇ ಅಡುಗೆ ಅವರಿಗೂ ಮದ್ದು. ನಿಮ್ಮ ಮಟ್ಟಿಗೆ ಇದೊಂದನ್ನೇ ನಂಬಿ ಮೂರನೇ ಸಲ ಹೊರಡುವುದು ಸರಿಯೆಂದು ನನಗೆ ಅನ್ನಿಸುವುದಿಲ್ಲ.

ಈಗ ಎಲ್ಲರೂ ಕೇಳುವ ವಾರಕ್ಕೊಂದು ಇಂಜೆಕ್ಷನ್ ಬಗ್ಗೆಯೂ ಹೇಳಿಬಿಡುತ್ತೇನೆ. ಸೆಮಾಗ್ಲುಟೈಡ್‌ನಿಂದ ಶೇ 15ರಷ್ಟು, ಟಿರ್ಜೆಪಟೈಡ್‌ನಿಂದ ಶೇ 20ರಷ್ಟು ತೂಕ ಇಳಿದದ್ದು ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಕಡಿಮೆ, ಕ್ರಮವಾಗಿ ಶೇ 10 ಮತ್ತು 15ರ ಆಸುಪಾಸು. ಒಳ್ಳೆಯ ಔಷಧಗಳು. ಆದರೆ ನಿಲ್ಲಿಸಿದ ವರ್ಷದೊಳಗೆ ಇಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಮರಳುತ್ತದೆ. ಆದ್ದರಿಂದ ತಿಂಗಳ ಖರ್ಚನ್ನು ಆರು ತಿಂಗಳಿಗಲ್ಲ, ಹತ್ತು ವರ್ಷಕ್ಕೆ ಗುಣಿಸಿ ನೋಡಿ. ಆಪರೇಷನ್ ಬೇಡವೇ ಬೇಡ ಎಂದು ನೀವು ತೀರ್ಮಾನಿಸಿದರೆ ಬರೀ ಡಯಟ್‌ಗೆ ಮರಳುವ ಬದಲು ಇದನ್ನು ಕೇಳಿ.

ಆಪರೇಷನ್ನಿನ ದಾರಿ

ಸ್ಲೀವ್ ಎಂದರೆ ಅಂಗಿಯ ತೋಳು. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಮಾಡಿ ಲ್ಯಾಪ್ರೋಸ್ಕೋಪಿಯಲ್ಲಿ ಮಾಡುತ್ತಾರೆ. ಬಾಯಿಯಿಂದ ಜಠರದೊಳಗೆ ಬೆರಳು ಗಾತ್ರದ ಮೆದು ಕೊಳವೆಯೊಂದನ್ನು ಇಳಿಸಿ, ಅದರ ಅಂಚಿಗೇ ಸ್ಟೇಪ್ಲರ್ ಹಿಡಿದು ಕೆಳಗಿನಿಂದ ಮೇಲಕ್ಕೆ ಕತ್ತರಿಸುತ್ತಾ ಹೋಗುತ್ತಾರೆ. ಆ ಯಂತ್ರ ಒಂದೇ ಒತ್ತಿಗೆ ಸಣ್ಣ ಟೈಟೇನಿಯಂ ಪಿನ್ನುಗಳ ಸಾಲುಗಳನ್ನು ಎರಡೂ ಕಡೆ ಹಾಕಿ ನಡುವೆ ಕೊಯ್ಯುತ್ತದೆ. ಹೀಗೆ ಐದಾರು ಸಲ ಒತ್ತಿದರೆ ಜಠರದ ಮುಕ್ಕಾಲು ಪಾಲಿಗೂ ಹೆಚ್ಚು ಬೇರೆಯಾಗುತ್ತದೆ, ಅದನ್ನು ಒಂದು ತೂತಿನಿಂದ ಹೊರಗೆಳೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ, ಒಂದು ಲೋಟದಷ್ಟೂ ಹಿಡಿಸದ ಕೊಳವೆ. ಹೊರಗೆ ಬಂದ ಭಾಗದಲ್ಲೇ ಗ್ರೆಲಿನ್ ಹೆಚ್ಚಾಗಿ ತಯಾರಾಗುವುದು. ಅಲ್ಲದೆ ಆಹಾರ ಬೇಗ ಸಣ್ಣಕರುಳಿಗೆ ಇಳಿಯುವುದರಿಂದ ಜಿಎಲ್‌ಪಿ-1 ಎಂಬ, ಹೊಟ್ಟೆ ತುಂಬಿತು ಎನ್ನಿಸುವ ಹಾರ್ಮೋನು ಏರುತ್ತದೆ. ಪಥ್ಯದಲ್ಲಿ ದೇಹ ನಿಮ್ಮ ವಿರುದ್ಧ ನಿಲ್ಲುತ್ತದೆ ಎಂದೆನಲ್ಲ, ಆ ಜಗಳವನ್ನು ಇದು ತಗ್ಗಿಸುತ್ತದೆ. ಮನೆಯವರಿಗೆ ಹೇಳಬೇಕಾದ ಮಾತೂ ಇದೇ.

ತೂಕ ಇಳಿಸುವ ಇನ್ನೊಂದು ಆಪರೇಷನ್ ಬೈಪಾಸ್. ಅದರಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ.ನ ಪುಟ್ಟ ಚೀಲ ಮಾಡಿ, ಸಣ್ಣಕರುಳನ್ನು ನೇರ ಅದಕ್ಕೆ ಜೋಡಿಸುತ್ತಾರೆ. ಮಿಕ್ಕ ಜಠರ ಹೊಟ್ಟೆಯೊಳಗೇ ಇರುತ್ತದೆ, ಆಹಾರ ಮಾತ್ರ ಅದರ ಮೂಲಕ ಹೋಗುವುದಿಲ್ಲ.

ಫಲ ಏನು? ಎರಡರಲ್ಲೂ ಒಂದರಿಂದ ಎರಡು ವರ್ಷದಲ್ಲಿ ಒಟ್ಟು ತೂಕದ ಶೇ 25ರಿಂದ 30 ಇಳಿಯುತ್ತದೆ, ಬೈಪಾಸ್‌ನಲ್ಲಿ ತುಸು ಹೆಚ್ಚು. ನಿಮಗೆ ಅದು 24ರಿಂದ 29 ಕೆ.ಜಿ.; ಅಂದರೆ 67ರಿಂದ 72ಕ್ಕೆ ಬಂದು ನಿಲ್ಲುತ್ತೀರಿ. ಬಿಎಂಐ ಆಗಲೂ 28ರ ಸುತ್ತ ಇರುತ್ತದೆ. ಮದುವೆ ಫೋಟೋದ ಮೈಕಟ್ಟು ಮರಳುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಎರಡನೇ ವರ್ಷದ ನಂತರ ಅದರಲ್ಲಿ ಕೆಲವು ಕೆ.ಜಿ. ಮರಳುವುದೂ ಸಾಮಾನ್ಯ. ಸಕ್ಕರೆಯ ಮಟ್ಟಿಗೆ, ಅಮೆರಿಕದ ಸ್ಟಾಂಪೀಡ್ ಅಧ್ಯಯನದಲ್ಲಿ ಐದು ವರ್ಷದ ಕೊನೆಗೆ ಎಚ್‌ಬಿಎ1ಸಿ 6 ಅಥವಾ ಅದಕ್ಕಿಂತ ಕೆಳಗಿದ್ದವರು ಬರೀ ಔಷಧದಲ್ಲಿ ಶೇ 5, ಸ್ಲೀವ್‌ನಲ್ಲಿ 23, ಬೈಪಾಸ್‌ನಲ್ಲಿ 29. ಸ್ವೀಡನ್ನಿನಲ್ಲಿ 1987ರಿಂದ ನಡೆದ ದೊಡ್ಡ ಅಧ್ಯಯನದಲ್ಲಿ ಆಪರೇಷನ್ ಆದ ಸಕ್ಕರೆ ರೋಗಿಗಳಲ್ಲಿ ಎರಡನೇ ವರ್ಷಕ್ಕೆ ಶೇ 72 ಮಂದಿಯ ಕಾಯಿಲೆ ಹಿಮ್ಮೆಟ್ಟಿತ್ತು, ಹತ್ತನೇ ವರ್ಷಕ್ಕೆ ಅದು ಶೇ 36ಕ್ಕೆ ಬಂದಿತ್ತು. ಕಾಯಿಲೆ ಹೊಸದಿದ್ದಷ್ಟೂ, ಇನ್ಸುಲಿನ್ ಶುರುವಾಗದಿದ್ದಷ್ಟೂ ಫಲ ಹೆಚ್ಚು. ನಿಮ್ಮದು ನಾಲ್ಕನೇ ವರ್ಷ. ಇನ್ನೂ ನಾಲ್ಕು ವರ್ಷ ಕಾಯುವುದು ಲಾಭವಲ್ಲ ಎನ್ನುವುದು ಇದಕ್ಕೇ.

ಅಪಾಯವನ್ನೂ ಅಷ್ಟೇ ನೇರವಾಗಿ ಹೇಳಬೇಕು. ಪಳಗಿದ ಕೇಂದ್ರಗಳಲ್ಲಿ ಸಾವಿರ ಮಂದಿಯಲ್ಲಿ ಒಂದರಿಂದ ಮೂರು ಸಾವು. ಸ್ಲೀವ್‌ನ ಪಿನ್ನಿನ ಸಾಲು ಸೋರುವುದು ನೂರರಲ್ಲಿ ಒಂದೆರಡು ಮಂದಿಗೆ. ಸೋರುವುದು ಹೆಚ್ಚಾಗಿ ತುತ್ತತುದಿಯಲ್ಲಿ, ಅನ್ನನಾಳ ಬಂದು ಸೇರುವ ಮೂಲೆಯ ಹತ್ತಿರ. ಅಲ್ಲಿ ರಕ್ತದ ಹರಿವು ಕಡಿಮೆ, ಕೊಳವೆಯೊಳಗಿನ ಒತ್ತಡ ಜಾಸ್ತಿ. ಮನೆಗೆ ಬಂದ ಮೇಲೂ, ಒಂದೆರಡು ವಾರದೊಳಗೆ ಇದು ಆಗಬಹುದು. ಸುಮ್ಮನೆ ಮಲಗಿದ್ದಾಗ ನಾಡಿ ನಿಮಿಷಕ್ಕೆ 120 ದಾಟಿದರೆ, ಜ್ವರ ಬಂದರೆ, ಎಡ ಭುಜದಲ್ಲಿ ನೋವು, ಏದುಸಿರು ಕಂಡರೆ ಗ್ಯಾಸ್ ಎಂದು ಏನಾದರೂ ಕುಡಿದು ಮಲಗಬೇಡಿ. ಅದೇ ರಾತ್ರಿ ಆಪರೇಷನ್ ಮಾಡಿದ ಆಸ್ಪತ್ರೆಗೆ ಹೋಗಿ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋಗುವುದು ಇನ್ನೊಂದು ಅಪಾಯ. ಅದೇ ದಿನ ಸಂಜೆ ಎಬ್ಬಿಸಿ ನಡೆಸುವುದು, ರಕ್ತ ತಿಳಿಯಾಗಿಸುವ ಇಂಜೆಕ್ಷನ್ ಕೊಡುವುದು ಅದಕ್ಕಾಗಿ. ತೂಕ ವೇಗವಾಗಿ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗುತ್ತದೆ. ಆರು ತಿಂಗಳು ಮಾತ್ರೆ ಕೊಡುತ್ತಾರೆ, ಬಿಡಬೇಡಿ. ಮೂರನೇ ತಿಂಗಳಿನಿಂದ ಕೂದಲು ಉದುರುತ್ತದೆ, ಪ್ರೋಟೀನು ಮತ್ತು ಕಬ್ಬಿಣ ಸರಿಯಿದ್ದರೆ ವರ್ಷದೊಳಗೆ ಮರಳುತ್ತದೆ.

ಆಪರೇಷನ್ ನಂತರದ ಊಟ

ಮೊದಲ ಎರಡು ವಾರ ದ್ರವ ಮಾತ್ರ: ತಿಳಿಮಜ್ಜಿಗೆ, ಸೋಸಿದ ಬೇಳೆಕಟ್ಟು, ಹಾಲಿಗೆ ಬೆರೆಸಿದ ಪ್ರೋಟೀನು ಪುಡಿ. ಔಷಧದ ಬಾಟಲಿಯ ಮುಚ್ಚಳದಂಥ 30 ಮಿ.ಲೀ. ಲೋಟ ಇಟ್ಟುಕೊಂಡು ಕಾಲು ಗಂಟೆಗೊಂದರಂತೆ ಗುಟುಕರಿಸಬೇಕು; ದಿನಕ್ಕೆ ಒಂದೂವರೆ ಲೀಟರ್ ಹೋಗಲೇಬೇಕು. ಮೂರು-ನಾಲ್ಕನೇ ವಾರ ನುಣ್ಣಗೆ ರುಬ್ಬಿದ್ದು, ಐದು-ಆರನೇ ವಾರ ಮೆತ್ತಗಿನ ಹೆಸರುಬೇಳೆ, ಮೊಟ್ಟೆ, ಪನೀರ್, ಮೊಸರು. ಆಮೇಲೆ ಸಾಮಾನ್ಯ ಊಟ, ಸಣ್ಣ ಬಟ್ಟಲಲ್ಲಿ.

ಮುದ್ದೆಯ ವಿಷಯ ಆಸ್ಪತ್ರೆಯ ಪಟ್ಟಿಯಲ್ಲಿ ಇರುವುದಿಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ. ನಾವು ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಆಪರೇಷನ್ ಆದ ಹೊಟ್ಟೆಯಲ್ಲಿ ಆ ತುತ್ತು ಕೊಳವೆಯ ಬಾಯಲ್ಲೇ ನಿಲ್ಲುತ್ತದೆ. ಎದೆಯ ನಡುವೆ ಒತ್ತಿದಂತಾಗಿ, ಬಾಯಿ ತುಂಬ ಜೊಲ್ಲು ಬಂದು, ವಾಂತಿಯಾಗುವವರೆಗೆ ಬಿಡುವುದಿಲ್ಲ. ಮೊದಲ ಮೂರು ತಿಂಗಳು ಮುದ್ದೆ, ಗಟ್ಟಿ ಚಪಾತಿ, ಅಂಟಂಟು ಅನ್ನ ಬೇಡ. ರಾಗಿ ಬೇಕೆನ್ನಿಸಿದರೆ ತೆಳ್ಳಗಿನ ಅಂಬಲಿ ಮಾಡಿ. ಯಾವ ತುತ್ತನ್ನಾದರೂ ಇಪ್ಪತ್ತು ಸಲ ಅಗಿಯಬೇಕು. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ತಟ್ಟೆಯಲ್ಲಿ ಮೊದಲು ಕಾಳು, ಮೊಟ್ಟೆ, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ.

ಗಟ್ಟಿ ಆಹಾರ ತಡೆದು ನಿಲ್ಲುತ್ತದೆ, ಆದರೆ ಐಸ್‌ಕ್ರೀಂ, ಸಿಹಿ ಕಾಫಿ, ಹಣ್ಣಿನ ರಸ, ಬಾಯಲ್ಲಿ ಕರಗುವ ಮಿಕ್ಸ್ಚರ್, ಖಾರದ ಸೇವು ಸಲೀಸಾಗಿ ಜಾರಿಹೋಗುತ್ತವೆ. ಆಪರೇಷನ್ ಆಗಿ ಮೂರು ವರ್ಷಕ್ಕೆ ತೂಕ ಮರಳಿತು ಎನ್ನುವವರಲ್ಲಿ ಬಹುತೇಕ ಜಠರ ಹಿಗ್ಗಿದ್ದಕ್ಕಿಂತ ಇವೇ ಕಾರಣವಾಗಿರುತ್ತವೆ.

ಇನ್ನು ಜೀವಮಾನದ ಮಾತ್ರೆಗಳು. ಮಲ್ಟಿವಿಟಮಿನ್, ಬಿ12 ದಿನಕ್ಕೆ 350ರಿಂದ 1000 ಮೈಕ್ರೋಗ್ರಾಂ, ಅಥವಾ ತಿಂಗಳಿಗೊಂದು 1000ದ ಇಂಜೆಕ್ಷನ್, ಕಬ್ಬಿಣ 45ರಿಂದ 60 ಮಿ.ಗ್ರಾಂ, ಕ್ಯಾಲ್ಸಿಯಂ ಸಿಟ್ರೇಟ್ ರೂಪದಲ್ಲಿ 1200ರಿಂದ 1500 ಮಿ.ಗ್ರಾಂ, ಎರಡು-ಮೂರು ಪಾಲಾಗಿ; ವಿಟಮಿನ್ ಡಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆ ಅಂತರ ಬೇಕು, ಒಂದನ್ನು ಒಂದು ತಡೆಯುತ್ತದೆ. ನೀವು ಸಸ್ಯಾಹಾರಿ, ಜೊತೆಗೆ ಮೆಟ್‌ಫಾರ್ಮಿನ್ ಕೂಡ ಬಿ12 ಇಳಿಸುತ್ತದೆ. ಈಗಲೇ ಪರೀಕ್ಷೆ ಮಾಡಿಸಿ. ಮೂರು, ಆರು, ಹನ್ನೆರಡನೇ ತಿಂಗಳು, ನಂತರ ಪ್ರತಿ ವರ್ಷ ರಕ್ತ ಪರೀಕ್ಷೆ. ಚೆನ್ನಾಗಿದ್ದೇನಲ್ಲ ಎಂದು ಎರಡನೇ ವರ್ಷಕ್ಕೆ ಮಾತ್ರೆ ಬಿಡುವವರೇ ಮುಂದೆ ಪಾದ ಜೋಮು, ಮೂಳೆ ನೋವು, ಆರರ ಹಿಮೋಗ್ಲೋಬಿನ್ ಎಂದು ಬರುವುದು.

ಈ ಒಂದು ಸಾಲನ್ನು ಮನೆಯಲ್ಲಿ ಎಲ್ಲರಿಗೂ ತಿಳಿಸಿಡಿ. ಆಪರೇಷನ್ ಆದವರಿಗೆ ಎರಡು ಮೂರು ದಿನ ವಾಂತಿ ನಿಲ್ಲದಿದ್ದರೆ ಊರಿನ ಕ್ಲಿನಿಕ್‌ನಲ್ಲಿ ಮೊದಲು ಹಾಕುವುದು ಗ್ಲೂಕೋಸ್ ಬಾಟಲಿ. ಅದಕ್ಕೆ ಮುಂಚೆ ಥಯಮಿನ್, ಅಂದರೆ ಬಿ1 ಇಂಜೆಕ್ಷನ್ ಕೊಡಲೇಬೇಕು. ಬಿ1 ಬರಿದಾದ ದೇಹಕ್ಕೆ ಬರೀ ಗ್ಲೂಕೋಸ್ ಹೋದರೆ ಕಣ್ಣು ಎರಡೆರಡಾಗಿ ಕಾಣುವುದು, ತೂರಾಡುವುದು, ಗೊಂದಲ ಶುರುವಾಗಿ ಮಿದುಳಿಗೆ ಶಾಶ್ವತ ಪೆಟ್ಟಾಗಬಹುದು. ಡಿಸ್ಚಾರ್ಜ್ ಚೀಟಿಯ ಮೇಲೆ ಇದನ್ನು ದಪ್ಪಕ್ಷರದಲ್ಲಿ ಬರೆಸಿಕೊಳ್ಳಿ.

ನಿಮ್ಮ ವಿಷಯದಲ್ಲಿ

ನನ್ನ ಅಭಿಪ್ರಾಯ: ನೀವು ಆಪರೇಷನ್ ಕಡೆಗೆ ಹೆಜ್ಜೆ ಇಡಬೇಕು, ಆದರೆ ಸ್ಲೀವ್ ಎಂದು ಈಗಲೇ ತೀರ್ಮಾನಿಸಬೇಡಿ. ನಿಮ್ಮ ಪತ್ರದಲ್ಲಿ ತೂಕಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ರಾತ್ರಿಯ ಎದೆಯುರಿ. ಸ್ಲೀವ್‌ನ ಕಿರಿದಾದ ಕೊಳವೆಯಲ್ಲಿ ಒತ್ತಡ ಹೆಚ್ಚುವುದರಿಂದ ಆಮ್ಲ ಮೇಲಕ್ಕೆ ನುಗ್ಗುತ್ತದೆ; ಇರುವ ಎದೆಯುರಿ ಜಾಸ್ತಿಯಾಗಬಹುದು, ಇಲ್ಲದವರಿಗೂ ಬರಬಹುದು. ಬೈಪಾಸ್‌ನಲ್ಲಿ ಅದು ಕಡಿಮೆಯಾಗುತ್ತದೆ. ಮೊದಲು ಎಂಡೋಸ್ಕೋಪಿ ಮಾಡಿಸಿ. ಅನ್ನನಾಳದಲ್ಲಿ ತೀವ್ರ ಹುಣ್ಣು, ಒಳಪದರದ ಬದಲಾವಣೆ, ಅಥವಾ ದೊಡ್ಡ ಹಯಾಟಸ್ ಹರ್ನಿಯಾ (ಜಠರದ ಮೇಲ್ತುದಿ ಎದೆಗೂಡಿನೊಳಗೆ ಜಾರಿರುವುದು) ಕಂಡರೆ ಸ್ಲೀವ್ ನಿಮಗಲ್ಲ.

ಆದರೆ ಬೈಪಾಸ್‌ನಲ್ಲಿ ಕಬ್ಬಿಣ ಹೀರುವ ಕರುಳಿನ ಭಾಗವೇ ತಪ್ಪಿಹೋಗುತ್ತದೆ, ನಿಮ್ಮ ಹಿಮೋಗ್ಲೋಬಿನ್ ಆಗಲೇ 10.2. ಇಲ್ಲಿ ಎರಡು ಕಡೆಯ ಎಳೆತವಿದೆ. ನಾನು ಎದೆಯುರಿಗೆ ಹೆಚ್ಚು ತೂಕ ಕೊಡುತ್ತೇನೆ. ಕಬ್ಬಿಣವನ್ನು ರಕ್ತನಾಳದ ಮೂಲಕ ತುಂಬಬಹುದು, ಸುಟ್ಟ ಅನ್ನನಾಳವನ್ನು ಹಾಗೆ ತುಂಬಲಾಗದು. ಸ್ತ್ರೀರೋಗ ತಜ್ಞರನ್ನು ಕಂಡು ಸ್ರಾವಕ್ಕೆ ಚಿಕಿತ್ಸೆ ಮಾಡಿಸಿ, ಹಿಮೋಗ್ಲೋಬಿನ್ 12ರ ಹತ್ತಿರ ಬರಲಿ, ಆಮೇಲೆ ದಿನಾಂಕ. ಕರುಳನ್ನು ಒಂದೇ ಕಡೆ ಜೋಡಿಸುವ ಮಿನಿ ಬೈಪಾಸ್ ಅಗ್ಗ, ಬೇಗ ಮುಗಿಯುತ್ತದೆ ಎಂದು ಹೇಳಿದರೆ ಕೇಳಿಸಿಕೊಳ್ಳಿ, ಆದರೆ ಎಷ್ಟು ಉದ್ದದ ಕರುಳನ್ನು ಆಹಾರದ ದಾರಿಯಿಂದ ಹೊರಗೆ ಬಿಡುತ್ತೀರಿ ಎಂದು ಕೇಳಿ. ಉದ್ದ ಹೆಚ್ಚಿದಷ್ಟೂ ಪ್ರೋಟೀನು, ಕಬ್ಬಿಣ ಹೀರುವುದು ಕುಸಿಯುತ್ತದೆ, ಸಸ್ಯಾಹಾರಿಗಳಿಗೆ ಅದು ಭಾರ. ಬೈಪಾಸ್ ಆದವರು ಮಂಡಿ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುವಂತಿಲ್ಲ, ಜೋಡಣೆಯಲ್ಲಿ ಹುಣ್ಣಾಗುತ್ತದೆ. ಇನ್ನು ಮಗು ಬೇಕೆಂದಿದ್ದರೆ ಆಪರೇಷನ್ ನಂತರ ಒಂದೂವರೆ ವರ್ಷ ತಡೆಯಬೇಕು, ಆ ಅವಧಿಗೆ ಗರ್ಭನಿರೋಧಕ ಮಾತ್ರೆಯೊಂದನ್ನೇ ನಂಬಬೇಡಿ.

ಈ ತಯಾರಿಗೆ ಹೇಗೂ ಮೂರು ತಿಂಗಳು ಬೇಕು. ಆ ಮೂರು ತಿಂಗಳು ಮೇಲೆ ಹೇಳಿದ ಊಟ, ಎಣ್ಣೆ, ಕುರ್ಚಿ ವ್ಯಾಯಾಮ ನಡೆಯಲಿ. ಥೈರಾಯ್ಡ್, ನಿದ್ರೆಯಲ್ಲಿ ಉಸಿರು ಕಟ್ಟುತ್ತದೆಯೇ ಎಂಬ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಆಗಲಿ. ಬೇಸರವಾದಾಗ ತಡೆಯಲಾಗದೆ ತಿನ್ನುವ ಅಭ್ಯಾಸವಿದ್ದರೆ, ಖಿನ್ನತೆ ಇದ್ದರೆ ಮುಚ್ಚಿಡದೆ ಮೊದಲು ಅದಕ್ಕೆ ಚಿಕಿತ್ಸೆ ಪಡೆಯಿರಿ. ಆಪರೇಷನ್ ಅದನ್ನು ಗುಣಪಡಿಸುವುದಿಲ್ಲ. ಈ ಅವಧಿಯಲ್ಲಿ ಹತ್ತು ಕೆ.ಜಿ. ಇಳಿದು ಎಚ್‌ಬಿಎ1ಸಿ 7ರ ಕೆಳಗೆ ಬಂದರೆ ಆಪರೇಷನ್ ಮುಂದೂಡಿ, ಔಷಧದ ನೆರವಿನಿಂದ ಅದನ್ನೇ ಮುಂದುವರಿಸುವುದು ತಪ್ಪಲ್ಲ. ಐದು ಕೆ.ಜಿ. ಇಳಿದರೂ ನಷ್ಟವಿಲ್ಲ: ಕೊಬ್ಬು ತುಂಬಿದ ಯಕೃತ್ತು ಕುಗ್ಗಿ ಶಸ್ತ್ರಚಿಕಿತ್ಸಕರಿಗೆ ಜಠರದ ಮೇಲ್ತುದಿ ಸ್ಪಷ್ಟವಾಗಿ ಕಾಣುತ್ತದೆ, ಅಪಾಯ ಕಡಿಮೆಯಾಗುತ್ತದೆ.

ಶಸ್ತ್ರಚಿಕಿತ್ಸಕರನ್ನು ಆರಿಸುವಾಗ ವರ್ಷಕ್ಕೆ ಎಷ್ಟು ಮಾಡುತ್ತೀರಿ, ಸೋರಿಕೆಯಾದರೆ ಇಲ್ಲೇ ನೋಡಿಕೊಳ್ಳುತ್ತೀರಾ, ಎರಡನೇ ವರ್ಷದ ನಂತರ ನನ್ನ ರಕ್ತ ಪರೀಕ್ಷೆ ನೋಡುವವರು ಯಾರು ಎಂದು ಕೇಳಿ. ಮೂರನೇ ಪ್ರಶ್ನೆಗೆ ಸರಿಯಾದ ಉತ್ತರ ಬರದಿದ್ದರೆ ಬೇರೆ ಕಡೆ ನೋಡಿ.

ಕೊನೆಗೆ ಹಣ. ಖಾಸಗಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಎರಡೂವರೆಯಿಂದ ಐದು ಲಕ್ಷ ರೂಪಾಯಿ ಆಗುತ್ತದೆ. ಆರೋಗ್ಯ ವಿಮೆ ಇದ್ದರೆ, ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಲ್ಲಿ ಬಿಎಂಐ 40, ಅಥವಾ 35 ದಾಟಿ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ನಿದ್ರೆಯಲ್ಲಿ ಉಸಿರು ಕಟ್ಟುವ ತೀವ್ರ ಸ್ಲೀಪ್ ಆಪ್ನಿಯಾ, ಹೃದ್ರೋಗದಂಥವು ಇದ್ದು, ಬೇರೆ ಚಿಕಿತ್ಸೆ ಫಲ ಕೊಟ್ಟಿಲ್ಲ ಎಂದಾದರೆ ಈ ಆಪರೇಷನ್ನಿಗೆ ಅವಕಾಶವಿದೆ. ನಿಮ್ಮ 39.4 ಮತ್ತು 8.2 ಇದಕ್ಕೆ ಹೊಂದುತ್ತವೆ. ಆದರೆ ಬೇರೆ ಚಿಕಿತ್ಸೆ ಫಲಿಸಿಲ್ಲ ಎನ್ನುವುದಕ್ಕೆ ಕಾಗದ ಬೇಕು. ಹಿಂದಿನ ಎರಡು ಡಯಟ್‌ಗಳ ಚೀಟಿ, ತೂಕ ಬರೆದ ಪುಸ್ತಕ, ನಾಲ್ಕು ವರ್ಷದ ಲ್ಯಾಬ್ ವರದಿ ಹುಡುಕಿಡಿ. ಈ ಮೂರು ತಿಂಗಳ ಪ್ರತಿ ಭೇಟಿಯಲ್ಲೂ ತೂಕವನ್ನು ಡಾಕ್ಟರರ ಸಹಿಯೊಂದಿಗೆ ಬರೆಸಿಕೊಳ್ಳಿ. ಪಾಲಿಸಿಯಲ್ಲಿ ಕಾಯುವ ಅವಧಿ ಇನ್ನೂ ಬಾಕಿ ಇದೆಯೇ ಎಂಬುದನ್ನು ದಿನಾಂಕ ಗೊತ್ತುಮಾಡುವ ಮುಂಚೆಯೇ ವಿಮಾ ಕಂಪನಿಯಿಂದ ಬರಹದಲ್ಲಿ ತರಿಸಿಕೊಳ್ಳಿ.